ಏನು ಬಿಟ್ಟಿದ್ದೀರಿ ಎಂದು ಯಾರೂ ಕೇಳಲಿಲ್ಲ

ಪಿತ್ತ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಗಡಿಯಾಚೆ ಮಹಾರಾಷ್ಟ್ರದ ನಮ್ಮ ಇಚಲಕರಂಜಿಯಲ್ಲಿ ಯಾರಿಗೆ ಏನೇ ಆಗಲಿ, ಅದು ಪಿತ್ತ. ತಲೆ ತಿರುಗಿದರೆ ಪಿತ್ತ, ನಿದ್ದೆ ಬಾರದಿದ್ದರೆ ಪಿತ್ತ, ಮಗ್ಗದ ಸದ್ದಿನಲ್ಲಿ ಪಾಳಿ ಮೇಲೆ ಪಾಳಿ ದುಡಿದು ಮುಖ ಬಾಡಿದರೂ ಪಿತ್ತ. ನನ್ನ ಹೆಂಡತಿಗೂ ಅದನ್ನೇ ಅಂದರು. ಎರಡು ವರ್ಷಕ್ಕೂ ಮೇಲೆ ಅಂದರು. ಅಂದವರಲ್ಲಿ ಓದಿದವರೂ ಇದ್ದರು, ಓದದವರೂ ಇದ್ದರು. ನಾನು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು, ಮಗಳು ಮದುವೆಗೆ ಬಂದ ಹೊತ್ತಿನಲ್ಲಿ ಹತ್ತನೆಯ ತರಗತಿ ಪಾಸು ಮಾಡಿದವನು. ಓದಿದವರು ಹೇಳಿದ್ದೆಂದರೆ ಸರಿಯೇ ಇರುತ್ತದೆ ಎಂದು ನಂಬಿದ್ದೆ.

ಆಕೆಗೆ ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ವಾಂತಿಯಾದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ಆಗುತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಬಚ್ಚಲಿಗೆ ಓಡುವಳು, ಗೋಡೆ ಹಿಡಿದು ನಿಲ್ಲುವಳು, ಬಾಯಲ್ಲಿ ಊರಿದ ನೀರನ್ನು ಉಗುಳಿ ಉಗುಳಿ ಬರುವಳು. ಅಷ್ಟರಲ್ಲಿ ರೊಟ್ಟಿ ಸೀದಿರುತ್ತಿತ್ತು. ಸೀದದ್ದನ್ನು ತನ್ನ ತಾಟಿಗೆ ಹಾಕಿಕೊಳ್ಳುವಳು, ಎರಡು ತುತ್ತು ತಿಂದು ಸರಿಸುವಳು.

"ಹೆಂಗ ಆಗ್ತೈತಿ, ಸ್ವಲ್ಪ ಬಿಡಿಸಿ ಹೇಳು" ಎಂದು ಒಂದು ದಿನ ಕೇಳಿದೆ.

"ಬಸ್ಸಿನ್ಯಾಗ ಹಿಂದಿನ ಸೀಟಿಗೆ ಕುಂತಂಗ ಆಗ್ತೈತ್ರಿ. ಆದ್ರ ಈ ಬಸ್ಸಿಗೆ ಸ್ಟ್ಯಾಂಡ್ ಬರವಲ್ದು" ಎಂದಳು.

ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆಗಳ ಓಣಿ. ಬಚ್ಚಲಲ್ಲಿ ಓಕರಿಸಿದರೆ ಪಕ್ಕದ ಮನೆಗೆ ಕೇಳುತ್ತದೆ. ಪಕ್ಕದ ಮನೆಯಾಕೆ ನೀರು ತುಂಬುವ ಹೊತ್ತಿನಲ್ಲಿ ನಾಲ್ಕು ಜನರ ಮುಂದೆ, "ಕಾಯ್ ವೈನಿ, ಗೋಡ ಬಾತ್ಮಿ ಹಾಯ್ ಕಾಯ್?" ಎಂದು ಕೇಳಿದಳು. ಸಿಹಿ ಸುದ್ದಿಯಂತೆ! ಮಗಳನ್ನು ಮದುವೆ ಮಾಡಿ ಕೊಟ್ಟ ಹೆಂಗಸಿಗೆ ಕೇಳುವ ಮಾತೇ ಅದು? ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಹೆಂಡತಿ ಸೋಲಲಿಲ್ಲ.

"ಹೌದವಾ. ಹುಟ್ಟಿದ್ರ ನಿನ್ನ ಮಡಲಿಗೇ ಹಾಕ್ತೇನಿ. ತೊಟ್ಲಾ ಕಟ್ಟಿ ಇಡು."

ಎಲ್ಲರೂ ನಕ್ಕರು. ಆಕೆ ಕೊಡ ಎತ್ತಿಕೊಂಡು ಒಳಗೆ ಬಂದು ಅಡುಗೆಮನೆಯ ಮೂಲೆಗೆ ಮುಖ ಮಾಡಿ ನಿಂತಳು. ಆ ನಗು ನನಗೆ ಈಗಲೂ ಚುಚ್ಚುತ್ತದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಆಗ ನಮಗ್ಯಾರಿಗೂ ಇದು ಬೇನೆಗೆ ಸಂಬಂಧಪಟ್ಟದ್ದು ಎಂದು ಅನ್ನಿಸಿರಲಿಲ್ಲ. ನನ್ನ ಮೂಲ ಊರು ಕುರುಂದವಾಡದ ಹತ್ತಿರ, ಕೃಷ್ಣೆಯ ದಂಡೆ. ಈ ತೊಳಸು ಶುರುವಾಗುವ ಕೆಲವು ವರ್ಷ ಮುಂಚೆ, ಹೊಳೆ ಊರೊಳಗೆ ನುಗ್ಗಿದ ವರ್ಷ, ಅವ್ವನನ್ನೂ ಎಮ್ಮೆಗಳನ್ನೂ ಹೊರಗೆ ತರಲು ಹೋದವನು ನಾನು ಅಲ್ಲೇ ಸಿಕ್ಕಿಬಿದ್ದೆ. ಫೋನು ನೀರಿಗೆ ಬಿತ್ತು. ನಾನು ಮಾಳಿಗೆಯ ಮೇಲೆ ಇದ್ದೇನೋ ಹೊಳೆಯಲ್ಲಿ ಹೋಗಿದ್ದೇನೋ ಇಚಲಕರಂಜಿಯಲ್ಲಿದ್ದ ಇವಳಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ನಾವು ದಿಗಂಬರ ಜೈನರು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವು ನಮ್ಮಲ್ಲಿ ಆರು ರಸ. ಇವುಗಳಲ್ಲಿ ಒಂದನ್ನೋ ಎರಡನ್ನೋ ಬಿಟ್ಟು ನಿಯಮ ಹಿಡಿಯುವುದು ಮನೆಮನೆಯಲ್ಲಿ ಇರುವ ಪದ್ಧತಿ. ಇವಳು ಬಸ್ತಿಗೆ ಹೋಗಿ ತೀರ್ಥಂಕರ ಸ್ವಾಮಿಯ ಮುಂದೆ ಕೈಮುಗಿದು, ನಾನು ಜೀವಂತ ಮನೆಗೆ ಬಂದರೆ ಹಾಲು, ಮೊಸರು ಸಾಯುವತನಕ ಮುಟ್ಟುವುದಿಲ್ಲ ಎಂದು ಹೇಳಿ ಬಂದಳು.

ನಾನು ಬಂದೆ. ಎಮ್ಮೆಗಳೂ ಉಳಿದವು. ಅವುಗಳ ಹಾಲಿನ ಚಹಾ ನಾನು ಕುಡಿದೆ, ಅವಳು ಬಿಟ್ಟಳು. ಹಾಲು ಬಿಟ್ಟ ಮೇಲೆ ಚಹಾ, ಮಜ್ಜಿಗೆ, ಪೇಢೆ, ಶ್ರೀಖಂಡ ಎಲ್ಲವೂ ಹೋದವು. ಮಾಂಸ, ಮೊಟ್ಟೆ ಹುಟ್ಟಿದಾಗಿನಿಂದ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನೆಲದೊಳಗಿನ ಗಡ್ಡೆ ಇಲ್ಲ. ಇದನ್ನೆಲ್ಲ ಯಾರಿಗೂ ಹೇಳಿಕೊಳ್ಳುವುದೂ ಇಲ್ಲ. ನಿಯಮವನ್ನು ಬಾಯಿಬಿಟ್ಟು ಹೇಳಿದರೆ ಅದು ಜಂಬವಾಗುತ್ತದೆ, ಪುಣ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಹೆಂಗಸರು ನಂಬಿದ್ದಾರೆ. ಡಾಕ್ಟರ ಮುಂದೆ ಧರ್ಮದ ಮಾತೇಕೆ ಎಂದು ನಾವೂ ಸುಮ್ಮನಿದ್ದೆವು.

ನಮ್ಮ ಓಣಿಯ ಡಾಕ್ಟರು ನಾಲಗೆ ನೋಡಲಿಲ್ಲ, ಕಣ್ಣು ನೋಡಲಿಲ್ಲ. ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ಒತ್ತಿದರು.

"ಕಾಯ್ ಖಾತಾ?" ಏನು ತಿನ್ನುತ್ತೀರಿ ಎಂದು ಕೇಳಿದರು.

"ರೊಟ್ಟಿ, ಪಲ್ಲೆ, ಬ್ಯಾಳಿ, ಅನ್ನ" ಎಂದಳು.

"ಪಿತ್ತ ಹಾಯ್. ದುಸರಂ ಕಾಯ್ ನಾಯ್" ಎಂದರು. ಪಿತ್ತ, ಬೇರೇನೂ ಇಲ್ಲ ಎಂದು ಮುಗಿಸಿದರು. ಖಾಲಿ ಹೊಟ್ಟೆಗೆ ನುಂಗುವ ಒಂದು ಕ್ಯಾಪ್ಸೂಲು ಬರೆದರು. ಬರೆದು, ನಮ್ಮನ್ನು ನೋಡಿ, "ಅರೆ, ನೀವು ಜೈನರಲ್ಲೇನು, ಕ್ಯಾಪ್ಸೂಲ್ ತಿನ್ನೂದಿಲ್ಲ" ಎಂದು ತಾವೇ ಹೊಡೆದು ಹಾಕಿ ಗುಳಿಗೆ ಬರೆದರು. ಕ್ಯಾಪ್ಸೂಲಿನ ಮೇಲಿನ ಕವಚವನ್ನು ದನದ ಎಲುಬು, ಚರ್ಮದಿಂದ ಮಾಡುತ್ತಾರೆ ಎಂದು ನಮ್ಮವರು ನುಂಗುವುದಿಲ್ಲ. ಅದು ಅವರಿಗೆ ಗೊತ್ತಿತ್ತು. ಎಷ್ಟು ಒಳ್ಳೆಯ ಡಾಕ್ಟರು, ನಮ್ಮ ಜನರನ್ನು ತಿಳಿದವರು ಎಂದು ಅಂದು ನಾನು ಹೆಮ್ಮೆಪಟ್ಟಿದ್ದೆ. ಈಗ ಅದನ್ನು ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

ಗುಳಿಗೆ ನುಂಗಿದ ಮೊದಲ ವಾರ ಸ್ವಲ್ಪ ಆರಾಮವೆನಿಸಿತು. ಆಮೇಲೆ ಮತ್ತೆ ಅದೇ. ತಿರುಗಿ ಹೋದರೆ "ಚಾಲೂ ಠೇವಾ" ಎಂದರು. ಚಾಲೂ ಇಟ್ಟೆವು. ಮುಂದೆ ಡಾಕ್ಟರ ಕಡೆಗೂ ಹೋಗುವ ಕೆಲಸವಿಲ್ಲ. ಮೆಡಿಕಲ್ ಅಂಗಡಿಯವನು ನನ್ನ ಮುಖ ಕಂಡರೆ ಸಾಕು, ಆ ಗುಳಿಗೆಯ ಪಟ್ಟಿಯನ್ನು ಕೌಂಟರ ಮೇಲೆ ಇಡುತ್ತಿದ್ದ. ಬೆಳಗ್ಗೆ ಹಲ್ಲುಜ್ಜಿ, ಗುಳಿಗೆ ನುಂಗಿ, ನಮೋಕಾರ ಮಂತ್ರ ಹೇಳುವುದು ಅವಳಿಗೆ ದಿನಚರಿಯಾಯಿತು. ಯಾರೋ ರಕ್ತ ಕಡಿಮೆ ಇರಬೇಕು ಎಂದರು. ಅದೇ ಅಂಗಡಿಯವನು ಕಬ್ಬಿಣದ ಗುಳಿಗೆ ಕೊಟ್ಟ. ಅದನ್ನು ಖಾಲಿ ಹೊಟ್ಟೆಗೆ ನುಂಗಿದ ದಿನ ಅವಳು ಬಚ್ಚಲಲ್ಲೇ ಕುಳಿತುಬಿಟ್ಟಳು. ಯಾರೂ ರಕ್ತ ತೆಗೆದು ನೋಡಿರಲಿಲ್ಲ. ಏನು ಕಡಿಮೆ, ಏನು ಹೆಚ್ಚು ಎಂದು ತಿಳಿಯದೆ ಒಂದರ ಮೇಲೊಂದು ಹೊಟ್ಟೆಗೆ ಹಾಕಿದೆವು.

ನಾನು ಮಗ್ಗ ರಿಪೇರಿ ಮಾಡುವ ಜಾಬರ್. ಬಟ್ಟೆಯಲ್ಲಿ ಗೆರೆ ಬಿದ್ದರೆ ನಾನು ಮಗ್ಗಕ್ಕೆ ಎಣ್ಣೆ ಸುರಿದು ಮನೆಗೆ ಹೋಗುವುದಿಲ್ಲ. ಬಗ್ಗಿ ಕುಳಿತು ಯಾವ ಎಳೆ ತಪ್ಪಿದೆ ಎಂದು ಹುಡುಕುತ್ತೇನೆ. ಹುಡುಕದಿದ್ದರೆ ಮಾಲಕ ನನ್ನನ್ನು ಬಾಗಿಲಿಂದ ಆಚೆ ಹಾಕುತ್ತಾನೆ. ಮನುಷ್ಯರ ಹೊಟ್ಟೆಗೆ ಮಾತ್ರ ಎಣ್ಣೆ ಸುರಿದರೆ ನಡೆಯುತ್ತದೆ.

ಕೊನೆಗೆ ಬೇರೆ ದೊಡ್ಡ ದವಾಖಾನೆಯಲ್ಲಿ ಹೊಟ್ಟೆಯ ಸೋನೋಗ್ರಾಫಿ ಮಾಡಿಸಿದೆವು. ಗಂಟಲಲ್ಲಿ ನಳಿಕೆ ಇಳಿಸಿಯೂ ನೋಡಿದರು. ಆ ನಳಿಕೆ ಇಳಿಸುವಾಗ ಅವಳು ನನ್ನ ಕೈಯನ್ನು ಹಿಡಿದ ಗುರುತು ಎರಡು ದಿನ ಹೋಗಲಿಲ್ಲ. ರಿಪೋರ್ಟು ಬಂತು. ನಾನು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವವನು. ಒಂದೇ ಮಾತನ್ನು ಸಾಲು ಸಾಲಾಗಿ ಬರೆದಿತ್ತು: ನಾರ್ಮಲ್. ಅಲ್ಲಿಯ ಡಾಕ್ಟರು ನಗುತ್ತ, "ಸಗಳಂ ನಾರ್ಮಲ್ ಹಾಯ್ ತಾಯಿ. ಮನಾಲಾ ಲಾವೂನ್ ಘೇಊ ನಕಾ. ಟೆನ್ಶನ್ ಕಮೀ ಕರಾ" ಎಂದರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಟೆನ್ಶನ್ ಕಡಿಮೆ ಮಾಡಿ ಎಂದು.

ಎಲ್ಲ ಚೆನ್ನಾಗಿದೆ ಎಂದು ಕೇಳಿ ಜನ ಖುಷಿಪಡುತ್ತಾರೆ. ಇವಳು ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು.

"ನಾರ್ಮಲ್ ಅಂದ್ರ ನಾ ಸುಳ್ಳ ಹೇಳಾಕತ್ತೇನಿ ಅಂದಂಗ ಆತಲ್ರೀ" ಎಂದಳು.

"ಹಂಗಲ್ಲ..."

"ಮತ್ತ ಹೆಂಗ? ಈ ಹೊಟ್ಟಿ ಮಳಮಳ ನನ್ನ ಮನಸಿನ್ಯಾಗ ಐತೇನು? ನನ್ನ ಮನಸಿಗೆ ಬ್ಯಾರೆ ಕೆಲಸಿಲ್ಲೇನು?"

ಆ ದಿನದಿಂದ ಅವಳು ಹೇಳುವುದನ್ನೇ ಬಿಟ್ಟಳು. ಬಚ್ಚಲಿಗೆ ಹೋಗುವಾಗ ನಲ್ಲಿ ತಿರುಗಿಸಿಡುತ್ತಿದ್ದಳು, ನೀರಿನ ಸದ್ದಿನಲ್ಲಿ ಓಕರಿಕೆ ಮುಚ್ಚಿಹೋಗಲಿ ಎಂದು. ಸೀರೆ ಸಡಿಲವಾಗುತ್ತ ಬಂತು, ಕುಪ್ಪಸಗಳನ್ನು ತಾನೇ ಹೊಲಿದು ಸಣ್ಣ ಮಾಡಿಕೊಂಡಳು. ನನಗೆ ಭಯವಾಗಿದ್ದು ಆಗ. ಇವಳು ಹೀಗೇ ಕರಗುತ್ತ ಹೋದರೆ?

ಗಡಹಿಂಗ್ಲಜ ಅವಳ ತವರು. ಅಣ್ಣನ ಮಗಳ ಮದುವೆಗೆ ಹೋದೆವು. ಪಂಕ್ತಿಯಲ್ಲಿ ಕುಳಿತವಳು ಮಸಾಲೆಯ ವಾಸನೆಗೇ ಸೆರಗು ಬಾಯಿಗಿಟ್ಟುಕೊಂಡು ಎದ್ದಳು. ಪಂಕ್ತಿಯಿಂದ ನಡುವೆ ಏಳುವುದು ನಮ್ಮಲ್ಲಿ ಮನೆಯವರಿಗೆ ಮಾಡಿದ ಅವಮಾನ. ಅವಳ ಅಣ್ಣನ ಹೆಂಡತಿ ಬಾಸುಂದಿಯ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದಳು.

"ಏನವಾ, ಇಚಲಕರಂಜ್ಯಾಗ ಸೇಠಾಣಿ ಆದಿ ಅಂತ ನಮ್ಮ ಅಡಗಿ ವಾಸನಿ ಬರಾಕತ್ತೈತೇನು?"

"ಇಲ್ಲ ವೈನಿ, ಹೊಟ್ಟಿ ತೊಳಸಾಕತ್ತೈತಿ."

"ಮದವಿ ಮನ್ಯಾಗೇ ತೊಳಸಬೇಕೇನು ಅದು? ಎಲ್ಲಾ ಮನಸಿನ ಆಟ. ಪಿತ್ತಕ್ಕ ಆಮಸೋಲದ ಹುಳಿ ನೀರ ಕುಡಿ, ನೆಟ್ಟಗ ಆಗ್ತಿ."

ನನ್ನ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಮಂಗಲ ಕಾರ್ಯಾಲಯದ ಮೆಟ್ಟಿಲು ಇಳಿದಳು. ನಾನು ಹಿಂದೆಯೇ ಹೋದೆ. ಮೂರನೆಯ ಮೆಟ್ಟಿಲಲ್ಲಿ ಅವಳ ಎಡಗಾಲಿನ ಚಪ್ಪಲಿ ಕಳಚಿ ಬಿತ್ತು. ಅವಳು ಹಾಗೆಯೇ ನಡೆಯುತ್ತ ಹೋದಳು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿಗಾಲು, ಖಡಿಕಲ್ಲು ಹಾಸಿದ ಅಂಗಳ. ನಾನು ಕೂಗಿ ಹೇಳಿದ ಮೇಲೆ ನಿಂತು ಕೆಳಗೆ ನೋಡಿದಳು.

"ಯಾವಾಗ ಬಿತ್ತು?" ಎಂದು ನನ್ನನ್ನೇ ಕೇಳಿದಳು.

"ನಿನಗ ಗೊತ್ತಾಗಲಿಲ್ಲೇನು?"

"ಕಾಲ ಜೋಮ್ ಹಿಡದಂಗ ಆಗ್ಯಾವ್ರಿ. ಭಾಳ ದಿವಸ ಆತು. ಹೇಳಿದ್ರ ಅದೂ ನಾರ್ಮಲ್ ಅಂತಾರ ಅಂತ ಸುಮ್ಮನಿದ್ದೆ."

ಮಂಗಳವಾದ್ಯ ಒಳಗೆ ನಡೆದೇ ಇತ್ತು. ನಾನು ಊಟ ಮಾಡಲಿಲ್ಲ, ಹೇಳಿಯೂ ಬರಲಿಲ್ಲ. ಮರುದಿನ ಅವಳನ್ನು ನೇರವಾಗಿ ಕೊಲ್ಲಾಪುರಕ್ಕೆ ಕರೆದುಕೊಂಡು ಹೋದೆ.

ಕೊಲ್ಲಾಪುರದ ಡಾಕ್ಟರು ಹೆಂಗಸು. ಹಳೆಯ ರಿಪೋರ್ಟುಗಳ ಚೀಲವನ್ನು ನಾನು ಮುಂದಿಟ್ಟರೆ ಪಕ್ಕಕ್ಕೆ ಸರಿಸಿ ಮೊದಲು ನಾಲಗೆ ತೋರಿಸಲು ಹೇಳಿದರು. ಅವಳ ನಾಲಗೆ ಕೆಂಪಗೆ, ಉಜ್ಜಿದ ಕಲ್ಲಿನ ಹಾಗೆ ನುಣ್ಣಗಾಗಿತ್ತು. ನಾನು ದಿನವೂ ಜೊತೆಗಿದ್ದವನು, ನೋಡಿರಲಿಲ್ಲ. ಡಾಕ್ಟರು ಕಬ್ಬಿಣದ ಒಂದು ಚಿಮಟಿಯಂಥದ್ದನ್ನು ಮೇಜಿಗೆ ಬಡಿದು ಅವಳ ಕಾಲಿನ ಹರಡಿಗೆ ಹಿಡಿದರು. ಝಣಝಣ ಎನ್ನುತ್ತದೆಯೇ ಎಂದು ಕೇಳಿದರು. ಇಲ್ಲ ಎಂದಳು. ನನ್ನ ಕೈಗೆ ಹಿಡಿದು ತೋರಿಸಿದರು. ನನಗೆ ಮೊಳಕೈತನಕ ಝಣಗುಟ್ಟಿತು.

ಆಮೇಲೆ ಏನು ತಿನ್ನುತ್ತೀರಿ ಎಂದು ಕೇಳಿದರು. ಅವಳು ರೊಟ್ಟಿ, ಪಲ್ಲೆ, ಬೇಳೆ ಎಂದು ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಖಾತಾ ತೇ ಸಾಂಗಿತಲಂ. ಆತಾ ಸೋಡಲಂಯ್ ಕಾಯ್, ತೇ ಸಾಂಗಾ."

ತಿನ್ನುವುದನ್ನು ಹೇಳಿದಿರಿ, ಬಿಟ್ಟಿದ್ದೇನು ಅದನ್ನು ಹೇಳಿ. ಇಷ್ಟೇ ಮಾತು. ಎರಡು ವರ್ಷದಲ್ಲಿ ಇಷ್ಟು ಜನ ಕೋಟು ಹಾಕಿದವರ ಮುಂದೆ ಕುಳಿತೆವು, ಒಬ್ಬರ ಬಾಯಲ್ಲೂ ಈ ಮಾತು ಬಂದಿರಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ಹೇಳಲು ಅವಳಿಗೆ ಮನಸ್ಸಿಲ್ಲ. ನಾನೇ ಹೇಳಿದೆ: ಹಾಲು, ಮೊಸರು, ಹೊಳೆ ಬಂದ ವರ್ಷದಿಂದ. ಡಾಕ್ಟರು ಪೆನ್ನು ಎತ್ತಿ ಬರೆದುಕೊಂಡರು. ಖಾಲಿ ಹೊಟ್ಟೆಯ ಗುಳಿಗೆ ಎಂದಿನಿಂದ ಎಂದು ಕೇಳಿದರು. ಅದನ್ನೂ ಹೇಳಿದೆ. ರಕ್ತ ತೆಗೆಸಿದರು.

ಬಿ-ಹನ್ನೆರಡು ಎಂಬ ವಿಟಮಿನ್ನು ತಳ ಕಂಡಿತ್ತು. ಮೆಗ್ನೀಶಿಯಮ್ಮೂ ಇರಬೇಕಾದ್ದಕ್ಕಿಂತ ಕೆಳಗೆ. ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಆ ವಿಟಮಿನ್ನು ಗಿಡದಲ್ಲಿ, ಕಾಳಿನಲ್ಲಿ ಸಿಗುವಂಥದ್ದಲ್ಲ. ಮಾಂಸ, ಮೊಟ್ಟೆ ತಿನ್ನದವರಿಗೆ ಹಾಲು, ಮೊಸರಿನಿಂದಲೇ ಅಷ್ಟೋ ಇಷ್ಟೋ ಬರಬೇಕು. ಇವಳು ಆ ಬಾಗಿಲನ್ನೂ ಮುಚ್ಚಿದ್ದಳು. ಒಳಗೆ ಕೂಡಿಟ್ಟದ್ದು ಕೆಲವು ವರ್ಷ ನಡೆಯುತ್ತದೆ, ಆಮೇಲೆ ತೀರುತ್ತದೆ. ತೀರಿದರೆ ನಾಲಗೆ ನುಣ್ಣಗಾಗುತ್ತದೆ, ಹಸಿವು ಸಾಯುತ್ತದೆ, ಹೊಟ್ಟೆ ತೊಳಸಬಹುದು, ಕೈಕಾಲು ಜೋಮು ಹಿಡಿಯುತ್ತದೆ. ಇನ್ನು ಆ ಗುಳಿಗೆ. ಆಹಾರದೊಳಗಿನ ಈ ವಿಟಮಿನ್ನನ್ನು ಬಿಡಿಸಿಕೊಳ್ಳಲು ಹೊಟ್ಟೆಗೆ ಆಮ್ಲ ಬೇಕು. ಗುಳಿಗೆ ಮಾಡುವುದೇ ಆಮ್ಲ ಕಡಿಮೆ. ವರ್ಷಗಟ್ಟಲೆ ತಿಂದರೆ ಕೆಲವರಲ್ಲಿ ಮೆಗ್ನೀಶಿಯಮ್ ಕೂಡ ಇಳಿಯುತ್ತದೆ, ಅದು ಇಳಿದರೂ ಹೊಟ್ಟೆ ತೊಳಸುತ್ತದೆ.

"ಅಂದ್ರ ಮಳಮಳ ಹೋಗ್ಲಿ ಅಂತ ತಿಂದ ಗುಳಿಗಿನ ಮಳಮಳ ಹೆಚ್ಚ ಮಾಡ್ಯಾವೇನ್ರಿ?" ಎಂದು ನಾನು ಕನ್ನಡದಲ್ಲೇ ಕೇಳಿಬಿಟ್ಟೆ. ಅವರಿಗೆ ತಿಳಿಯಿತು.

"ಇದೊಂದೇ ಕಾರಣವೆಂದು ನಾನು ಈಗಲೇ ಹೇಳುವುದಿಲ್ಲ. ಕಡಿಮೆ ಇದ್ದದ್ದನ್ನು ತುಂಬಿ ನೋಡೋಣ" ಎಂಬ ಅರ್ಥದ ಮಾತು ಹೇಳಿದರು. ಆ ಗುಳಿಗೆಯನ್ನು ಒಮ್ಮೆಲೇ ಬಿಡಬೇಡಿ, ಉರಿ ಎದ್ದೀತು, ಇಳಿಸುತ್ತ ಬರೋಣ ಎಂದರು. ಅಂಗಡಿಯಿಂದ ಸ್ವಂತ ಬುದ್ಧಿಯಲ್ಲಿ ಏನನ್ನೂ ತರಬೇಡಿ, ಕೆಲವು ವಿಟಮಿನ್ನು ಹೆಚ್ಚಾದರೂ ಇದೇ ರೀತಿ ವಾಕರಿಕೆ ಬರುತ್ತದೆ ಎಂದೂ ಗದರಿಸಿದರು. ಕಾಲಿನ ವಿಷಯ ಕೇಳಿದಾಗ ಮಾತ್ರ ಅವರು ತಡವರಿಸಿದರು. ಹೊಟ್ಟೆ ಬೇಗ ಸರಿಹೋದೀತು. ನರಗಳದು ಹೇಳಲು ಬರುವುದಿಲ್ಲ. ಮೊದಲೇ ಬಂದಿದ್ದರೆ ಚೆನ್ನಾಗಿತ್ತು.

ಮೊದಲೇ ಬಂದಿದ್ದರೆ! ನಾವು ಬಂದೇ ಇದ್ದೆವಲ್ಲ, ಎಲ್ಲರ ಬಾಗಿಲಿಗೂ ಬಂದಿದ್ದೆವಲ್ಲ.

ಆ ವಾರದಲ್ಲೇ ನಾನು ನಮ್ಮ ಓಣಿಯ ಡಾಕ್ಟರ ಹತ್ತಿರ ಹೋದೆ. ಹೆಂಡತಿ ಬೇಡವೆಂದಳು. "ಜಗಳಾ ಮಾಡಿದ್ರ ನನ್ನ ಕಾಲ ಬರ್ತಾವೇನು?" ಎಂದಳು. ಕೇಳಲಿಲ್ಲ. ರಕ್ತದ ರಿಪೋರ್ಟನ್ನು ಅವರ ಮೇಜಿನ ಮೇಲೆ ಇಟ್ಟೆ. ಓದಿದರು. ಮುಖ ಸಣ್ಣದಾಯಿತು.

"ಹಾಲು ಬಿಟ್ಟಾರ ಅಂತ ನೀವು ಹೇಳಲೇ ಇಲ್ಲಲ್ರಿ" ಎಂದರು.

"ನೀವು ಕೇಳಲೇ ಇಲ್ಲಲ್ರಿ."

"ಹೊರಗ ಎಷ್ಟ ಮಂದಿ ಕುಂತಾರ ನೋಡ್ರಿ. ಒಬ್ಬೊಬ್ಬರ ಅಡಗಿಮನಿ ಹೊಕ್ಕು ನೋಡಾಕ ಆಗ್ತೈತೇನು?"

"ಅಡಗಿಮನಿ ಬ್ಯಾಡ್ರಿ. ಕ್ಯಾಪ್ಸೂಲ್ ತಿನ್ನೂದಿಲ್ಲ ಅಂತ ನೆನಪಿಟ್ಟು ಗುಳಿಗಿ ಬರದ್ರಿ. ಅದ ನೆನಪ ಇದ್ದವರಿಗೆ, ಮತ್ತೇನ್ ತಿನ್ನೂದಿಲ್ಲ ಅಂತ ಒಂದು ಮಾತ ಕೇಳಾಕ ಬಾಯಿ ಇರಲಿಲ್ಲೇನು?"

"ಆ ಗುಳಿಗಿ ನಾ ಸ್ವಲ್ಪ ದಿವಸಕ್ಕ ಬರಕೊಟ್ಟಿದ್ದೆ. ಎರಡು ವರ್ಷ ಕೊಟ್ಟಾವ ಮೆಡಿಕಲ್‌ದಾವ."

"ಚಾಲೂ ಠೇವಾ ಅಂದವರು ಯಾರ್ರಿ?"

ಅವರು ರಿಪೋರ್ಟನ್ನು ಮಡಚಿ ನನ್ನ ಕಡೆ ಸರಿಸಿದರು. ಆಮೇಲೆ ಮೆಲ್ಲಗೆ, "ಆವಾಜ್ ಕಮೀ ಮಾಡ್ರಿ, ಪೇಶಂಟ್ ಅದಾರ" ಎಂದರು. ನನ್ನ ಮನೆಯಲ್ಲಿದ್ದವಳೂ ಪೇಶಂಟೇ ಎಂದು ಕೂಗಿ ಹೊರಗೆ ಬಂದೆ. ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬ ಮುದುಕ ಅಂಗಿಯ ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸಿದ.

"ಅಣ್ಣಾರ, ನಂದೂ ಇದ ಗೋಳಿ ಐತ್ರಿ. ಬಿಡ್ಲೇನು?"

"ಬಿಡಬ್ಯಾಡ್ರಿ ಅಜ್ಜಾರ. ಎಷ್ಟ ದಿವಸ ತಗೋಬೇಕು ಅಂತ ಒಳಗ ಹೋಗಿ ಕೇಳ್ರಿ."

"ಕೇಳಿದ್ರ ಡಾಕ್ಟರ್ ಸಿಟ್ಟಾಗ್ತಾರ್ರಿ."

"ಆಗ್ಲಿ ಬಿಡ್ರಿ!" ಎಂದೆ. ಮುದುಕ ಹೆದರಿ ಪಟ್ಟಿಯನ್ನು ಮತ್ತೆ ಕಿಸೆಗೆ ಹಾಕಿಕೊಂಡ. ಅವನ ಮೇಲೂ ಸಿಟ್ಟು ಬಂತು, ಪಾಪವೂ ಅನಿಸಿತು.

ಇಂಜೆಕ್ಷನ್ ಶುರುವಾದ ಮೇಲೆ ಒಂದು ತೊಡಕು ಬಂತು. ಈ ಔಷಧಿಯನ್ನು ಯಾವುದರಿಂದ ಮಾಡುತ್ತಾರೆ ಎಂದು ಅವಳು ಕೇಳಿಬಿಟ್ಟಳು. ಪ್ರಾಣಿಯಿಂದ ಅಲ್ಲ, ದೊಡ್ಡ ಪಾತ್ರೆಗಳಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ತೆಗೆಯುತ್ತಾರೆ ಎಂದು ಗೊತ್ತಾಯಿತು. ಜೀವಿ ಎಂಬ ಮಾತು ಕೇಳಿ ಅವಳು ಮುಂದಿನ ಇಂಜೆಕ್ಷನ್‌ಗೆ ತೋಳು ಕೊಡಲು ಒಪ್ಪಲಿಲ್ಲ. ನಾನು ಮನೆಯಲ್ಲಿ ಕೂಗಾಡಿದೆ. ನಿಯಮ ಬಿಡು, ಹಾಲು ಕುಡಿ, ನಾನು ಬದುಕಿದ್ದು ನಿನ್ನನ್ನು ಈ ಗತಿಯಲ್ಲಿ ನೋಡಲಿಕ್ಕಲ್ಲ ಎಂದೆ. ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು.

ಕೊನೆಗೆ ಅವಳೇ, ಮಾತಾಜಿಯನ್ನು ಕೇಳೋಣ ಎಂದಳು. ನಾಂದಣಿಯ ಕಡೆಯ ಒಂದು ಹಳ್ಳಿಯ ಬಸ್ತಿಯಲ್ಲಿ ದೀಕ್ಷೆ ತೆಗೆದುಕೊಂಡ ವಯಸ್ಸಾದ ಮಾತಾಜಿಯೊಬ್ಬರು ಚಾತುರ್ಮಾಸಕ್ಕೆ ಉಳಿದಿದ್ದರು. ಬಿಳಿ ಸೀರೆ, ಪಕ್ಕದಲ್ಲಿ ನವಿಲುಗರಿಯ ಪಿಂಛಿ. "ವಂದಾಮಿ ಮಾತಾಜಿ" ಎಂದು ಕುಳಿತು ನಾನೇ ಎಲ್ಲ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ.

ಮಾತಾಜಿ ಅವಳ ಕಡೆ ತಿರುಗಿದರು. "ಗಂಡ ಬಂದ್ರ ಹಾಲ ಬಿಡ್ತೇನಿ ಅಂದ್ಯಾ? ಅದು ವ್ರತ ಅಲ್ಲವಾ. ಅದು ವ್ಯಾಪಾರ. ಫಲ ಬೇಡಿ ಹಿಡಿದ ನಿಯಮ ಕರ್ಮ ಕಳಿಯೂದಿಲ್ಲ, ಕಟ್ತೈತಿ."

ನನ್ನ ಹೆಂಡತಿ ಕೈಮುಗಿದುಕೊಂಡೇ, "ವ್ಯಾಪಾರ ಅಂತನ ತಿಳೀರಿ ಮಾತಾಜಿ. ಮಾಲ ಮನಿಗೆ ಬಂದು ಕುಂತೈತಿ" ಎಂದು ನನ್ನ ಕಡೆ ಬೆರಳು ಮಾಡಿದಳು. "ಮಾಲ ಇಟ್ಕೊಂಡು ಈಗ ಮಾತಿಗೆ ತಪ್ಪಿದ್ರ ನಾ ವ್ಯಾಪಾರಸ್ಥರ ಮನಿ ಮಗಳ ಹೆಂಗ ಆದೇನ್ರಿ?"

ಮಾತಾಜಿ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

"ಮಾಲ ಹೆಂಗೈತಿ? ಚಲೋ ಐತೇನು?" ಎಂದು ಕೇಳಿದರು.

"ಬಾಯಿ ಭಾಳ ಜೋರ ಐತ್ರಿ. ಉಳಿದದ್ದು ನಡೀತೈತಿ."

ಆಮೇಲೆ ಮಾತಾಜಿ ಗಂಭೀರವಾದರು. ಹಾಲು ಬಿಟ್ಟಿದ್ದರೆ ಬಿಡು, ಅದು ನಿನ್ನ ಮಾತು. ಔಷಧಿ ಬಿಡಲು ನಿನಗೆ ಯಾರು ಹೇಳಿದರು? ಶರೀರ ಬಿದ್ದರೆ ಧರ್ಮ ಮಾಡುವವರು ಯಾರು? "ಇನ್ನೊಂದು ಕೇಳು. ನಿಯಮ ಹೇಳಬಾರದು ಅಂತ ಡಾಕ್ಟರ ಮುಂದ ಮುಚ್ಚಿಟ್ಟಿ. ಮುಚ್ಚಿಡು ಅಂತ ಯಾವ ಶಾಸ್ತ್ರದಾಗೂ ಬರದಿಲ್ಲ" ಎಂದರು. ಹೆಂಡತಿ ತಲೆ ತಗ್ಗಿಸಿದಳು. ದಾರಿಯಲ್ಲಿ ಬರುವಾಗ ಮೇವಿನ ಗಾಡಿಯ ಹಿಂದೆ ನಮ್ಮ ಮೋಟಾರ್‌ಸೈಕಲ್ಲು ನಿಧಾನವಾಯಿತು. ಅವಳು ನನ್ನ ಬೆನ್ನ ಹಿಂದಿನಿಂದ, "ನಾಳಿ ಸೂಜಿ ಹಾಕಿಸಿಕೊಂಡ ಬರ್ತೇನಿ, ಆತಲ್ಲ? ಒದರಬ್ಯಾಡ್ರಿ ಇನ್ನ" ಎಂದಳು.

ಹೊಟ್ಟೆಯ ತೊಳಸು ಒಂದೇ ದಿನ ನಿಲ್ಲಲಿಲ್ಲ. ಹಳೆಯ ಗುಳಿಗೆ ಇಳಿಸುತ್ತ, ಮೆಗ್ನೀಶಿಯಮ್ ಏರಿಸುತ್ತ, ಇಂಜೆಕ್ಷನ್ ಹಾಕಿಸುತ್ತ ಬಂದೆವು. ಒಂದು ಸಂಜೆ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕುಳಿತಾಗ ಅವಳು ಇನ್ನೊಂದು ರೊಟ್ಟಿ ಮುರಿದುಕೊಂಡಳು. ನಾನು ಏನೂ ಅನ್ನಲಿಲ್ಲ. ಅಂದರೆ ನಿಲ್ಲಿಸಿಬಿಟ್ಟಾಳು ಎಂದು ಭಯ. ಪುಂಡಿ ಪಲ್ಲೆ ಇತ್ತು, ಹಸಿ ಮೆಣಸಿನಕಾಯಿ ಚಟ್ನಿ ಇತ್ತು. ತಿಂದಳು.

ಕಾಲು ಮಾತ್ರ ಮರಳಲಿಲ್ಲ. ಅಥವಾ ಅರ್ಧ ಮರಳಿದೆ. ಕೊಲ್ಲಾಪುರದ ಡಾಕ್ಟರು ಕಾಯಬೇಕು ಎನ್ನುತ್ತಾರೆ.

ಈ ಬೇಸಿಗೆಯಲ್ಲಿ ನಮ್ಮ ಓಣಿಯ ಬಸ್ತಿಯಲ್ಲಿ ವಿಧಾನವೆಂಬ ದೊಡ್ಡ ಪೂಜೆ ಇತ್ತು. ಮುಗಿಯುವ ಹೊತ್ತಿಗೆ ನಡುಮಧ್ಯಾಹ್ನ. ಒಳಗಿನಿಂದ ಚಪ್ಪಲಿ ಬಿಟ್ಟ ಜಾಗಕ್ಕೆ ಬರಲು ಕರಿಕಲ್ಲು ಹಾಸಿದ ಅಂಗಳ ದಾಟಬೇಕು. ಹಾಸಿದ್ದ ಗೋಣಿ ತಟ್ಟು ಗಾಳಿಗೆ ಸರಿದಿತ್ತು. ಕಲ್ಲು ಕಾದ ಹಂಚಾಗಿತ್ತು. ಎಲ್ಲರೂ ಸೀರೆ ಎತ್ತಿ, ಧೋತರ ಎತ್ತಿ, ಅಯ್ಯಯ್ಯೋ ಎನ್ನುತ್ತ ಕುಣಿಯುತ್ತ ಓಡಿದರು. ನಾನೂ ಓಡಿದೆ. ನೆರಳಿಗೆ ಬಂದು ತಿರುಗಿ ನೋಡಿದರೆ ನನ್ನ ಹೆಂಡತಿ ಆ ಕಲ್ಲಿನ ಮೇಲೆ ಕೈಯಲ್ಲಿ ಅಕ್ಷತೆಯ ತಟ್ಟೆ ಹಿಡಿದು ಮೆಲ್ಲಗೆ ನಡೆದು ಬರುತ್ತಿದ್ದಳು.

"ಏನ್ ಭಕ್ತಿ ನೋಡ್ರಿ! ನಮಗ ಕಾಲ ಊರಾಕ ಆಗವಲ್ದು, ಇವರು ಹೂವಿನ ಮ್ಯಾಲ ನಡದಂಗ ಬರಾಕತ್ತಾರ" ಎಂದು ನನ್ನ ಪಕ್ಕದಲ್ಲಿ ನಿಂತ ಹೊಸ ಸೊಸೆಯೊಬ್ಬಳು ಹೇಳಿದಳು. ಹೇಳಿ, ಅವಳಿಗೆ ಕೈ ಮುಗಿದಳು. ಮತ್ತಿಬ್ಬರು ಮುಗಿದರು.

ನಾನು ತಿರುಗಿ ಓಡಿ ಅವಳ ರಟ್ಟೆ ಹಿಡಿದು ನೆರಳಿಗೆ ಎಳೆದು ತಂದೆ. ಅಕ್ಷತೆ ಚೆಲ್ಲಿತು. ಕೂರಿಸಿ ಅಂಗಾಲು ತಿರುಗಿಸಿ ನೋಡಿದರೆ ಕೆಂಪಗೆ ಕಂದಿತ್ತು, ಎಡಗಾಲಿನಲ್ಲಿ ಬೊಬ್ಬೆ ಏಳುತ್ತಿತ್ತು.

"ಭಕ್ತಿ ಅಲ್ರೀ ಇದು!" ಎಂದು ಕೂಗಿದೆ. "ಬ್ಯಾನಿ ಐತಿ ಬ್ಯಾನಿ! ಆಕಿ ಕಾಲಿಗೆ ಗೊತ್ತಾಗೂದಿಲ್ಲ! ಕೈ ಮುಗೀತೀರಿ, 'ಕಾಲ ಸುಡತಾವೇನು' ಅಂತ ಒಬ್ಬರರ ಕೇಳಿದ್ರೇನು?"

ಹೊಸ ಸೊಸೆಯ ಮುಖ ಅಳುವಂತಾಯಿತು. ಹೆಂಡತಿ ನನ್ನ ಕೈ ಅದುಮಿ ಸುಮ್ಮನಿರಿಸಿ, ಆ ಹುಡುಗಿಯ ಕಡೆ ತಿರುಗಿದಳು.

"ಹೌದವಾ ತಂಗಿ, ನನಗ ಬಿಸಿ ತಿಳಿಯೂದಿಲ್ಲ. ಕೈ ಸ್ವಾಮಿಗೆ ಮುಗಿ. ನನಗ ಒಂದು ಬಿಂದಗಿ ತಣ್ಣೀರ ತಂದಕೊಡು."

ಹುಡುಗಿ ಓಡಿಹೋಗಿ ತಂದಳು. ನಾನು ಅವಳ ಅಂಗಾಲಿನ ಮೇಲೆ ನೀರು ಹನಿಸತೊಡಗಿದೆ.

"ತಣ್ಣಗ ಆತೇನು?"

ಅವಳು ತನ್ನ ಕಾಲನ್ನು ಬೇರೆ ಯಾರದೋ ಕಾಲಿನಂತೆ ನೋಡಿದಳು.

"ಗೊತ್ತಾಗವಲ್ದು," ಎಂದಳು. "ನೀವು ಹಾಕ್ರಿ."